ಏಳು ವರ್ಷದ ಎರವಲು ಹೆಸರು

ಬೆಳಗಿನ ನಮಾಜು ಮುಗಿದು ಹೆಚ್ಚು ಹೊತ್ತಾಗಿಲ್ಲ. ಮರಳುಗಾಡಿನ ಧೂಳು ಹೊತ್ತ ಚಳಿಗಾಳಿಗೆ ದೋರಾವಾ ಊರಿನ ಮಣ್ಣುಗೋಡೆಗಳೂ ಸರ್ಕಾರಿ ಶಾಲೆಯ ಬೇವಿನ ಮರಗಳೂ ಮಸುಕಾಗಿವೆ. ಶಾಲೆಯ ಹಿಂದಿನ ಹುಲ್ಲುಚಪ್ಪರದಡಿ ಅಜೂಜಿ ಒಬ್ಬರೇ ತೋಳೇರಿಸಿ ಕೂತು, ಅಗಲ ಬಾಯಿಯ ಮಡಕೆಯಲ್ಲಿ ಬಿಳಿ ಮಣ್ಣು ನಾದುತ್ತಿದ್ದಾರೆ. ರಾತ್ರಿಯಿಡೀ ನೆನೆದ ಮಣ್ಣು ಹಿಮದಷ್ಟು ತಣ್ಣಗಿದೆ. ಆಗಾಗ ಕೈ ಹೊರತೆಗೆದು ಬಾಯಿಯ ಬಿಸಿಗಾಳಿ ಊದಿಕೊಳ್ಳುತ್ತಾರೆ.

"ತುವೋ ಮುದ್ದೆ ತಿರುವಿದ ಹಾಗೆ ತಿರುವಬೇಕು ಮಗಾ. ಒಂದು ಗಂಟು ಉಳಿದ್ರೂ ಹಲಗೆ ಮೇಲೆ ಕಿರ್ ಅನ್ನುತ್ತೆ. ಬೈಗುಳ ನನಗೆ" ಎನ್ನುತ್ತಾರೆ.

ಯುದ್ಧ ಶುರುವಾಗಿ ಇದು ಮೂರನೇ ವರ್ಷ. ಸೀಮೆಯಿಂದ ಹಡಗು ಬರುವುದು ನಿಂತ ಮೇಲೆ ಸೀಮೆಸುಣ್ಣವೂ ನಿಂತಿತು. ಆಗ ಅಜೂಜಿ ಹೊಳೆದಂಡೆಗೆ ಹೋಗಿ, ನಮ್ಮ ಹೆಂಗಸರು ನೂಲು ತೆಗೆಯುವಾಗ ಬೆರಳಿಗೆ ಹಚ್ಚಿಕೊಳ್ಳುವ ಬಿಳಿ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದರು. ನೆನೆಸಿ, ಬಟ್ಟೆಯಲ್ಲಿ ಸೋಸಿ, ಸಜ್ಜೆ ಗಂಜಿಯ ತಿಳಿ ಬೆರೆಸಿ, ಉದ್ದಕ್ಕೆ ಸೀಳಿದ ಟೊಳ್ಳು ಜೊಂಡಿನ ಕಡ್ಡಿಗಳಲ್ಲಿ ತುಂಬಿ ನೆರಳಲ್ಲಿ ಒಣಗಿಸಿದರು. ಮೊದಲ ಸಲ ಗಂಜಿ ಹೆಚ್ಚಾಗಿ ಸುಣ್ಣ ಕಲ್ಲಾಯಿತು. ಎರಡನೇ ಸಲ ಕಡಿಮೆಯಾಗಿ ಪುಡಿಯಾಯಿತು. ಈಗ ದಿನಕ್ಕೆ ಇನ್ನೂರು ಕಡ್ಡಿ ತಯಾರಾಗುತ್ತವೆ. ಒಂಬತ್ತು ತರಗತಿ, ಮುನ್ನೂರ ಹತ್ತು ಹುಡುಗರು. ಇದಲ್ಲದೆ ಬಾವಿಯಿಂದ ನಲವತ್ತು ಕೊಡ ನೀರು, ಅಂಗಳ ಗುಡಿಸುವುದು, ಮಳೆಗಾಲಕ್ಕೆ ಮುಂಚೆ ಚಾವಣಿಯ ಹುಲ್ಲು ಹೊದಿಸುವುದು. ಎಲ್ಲದಕ್ಕೂ ಅವರೇ.

ನಾನೂ ಈ ಶಾಲೆಯವನೇ. ಐದು ವರ್ಷ ಅವರು ಸೇದಿದ ನೀರು ಕುಡಿದಿದ್ದೇನೆ. ಹೆಸರು ಮಾತ್ರ ಕೇಳಿರಲಿಲ್ಲ. 'ನೀರಿನವನು' ಎನ್ನುತ್ತಿದ್ದೆವು, ಅಷ್ಟೇ. ಕಳೆದ ತಿಂಗಳು ಈ ಸುಣ್ಣದ ವಿಷಯ ನಮ್ಮ ಪತ್ರಿಕೆಗೆ ನಾಲ್ಕು ಸಾಲು ಬರೆಯೋಣವೆಂದು ಬಂದೆ. ಅವರೆದುರು ಚಾಪೆಯ ಮೇಲೆ ಕೂತು ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದಾಗ ಮಣ್ಣಿನ ಕೈಯಿಂದಲೇ ನನ್ನ ಪುಟದ ಕಡೆ ತೋರಿಸಿದರು.

"ಅಲ್ಲಿ ಬುಧವಾರ ಅಂತ ಬರ್ಕೊಂಡಿದ್ದೀರಿ. ಮಣ್ಣು ತರೋದು ಗುರುವಾರ ಅಂದಿದ್ದೆ ನಾನು."

ಅವರಿಗೆ ನನ್ನ ಅಕ್ಷರ ತಲೆಕೆಳಗಾಗಿ ಕಾಣುತ್ತಿತ್ತು. ನಾನು ಪೆನ್ನು ಕೆಳಗಿಟ್ಟೆ. "ಬಾಬಾ, ನೀವು ಎಲ್ಲಿ ಓದಿದ್ರಿ?" ಎಂದು ಕೇಳಿದೆ.

"ಇಲ್ಲೇ. ಮೊದಲನೇ ತಂಡ."

ಮೊದಲನೇ ತಂಡದ ಹದಿನಾಲ್ಕು ಹುಡುಗರ ಹೆಸರು ಹೆಡ್‌ಮಾಸ್ತರರ ಕೋಣೆಯ ಗೋಡೆಯ ಮೇಲಿದೆ. ನಾವೆಲ್ಲ ಅದನ್ನು ಬಾಯಿಪಾಠ ಮಾಡಿದವರು. ಅದರಲ್ಲಿ ಅಜೂಜಿ ಎಂಬ ಹೆಸರಿಲ್ಲ. ಹಾಗೆಂದು ಹೇಳಿದೆ. ಅವರು ಮಡಕೆಗೆ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಬಂದು ಕೂತರು. "ಹೇಳಬಹುದು ಅಂತ ಅಪ್ಪಣೆ ಆಗಿದೆ. ಹೇಳ್ತೀನಿ" ಎಂದರು.

ಅಜೂಜಿ ಹುಟ್ಟುವ ಮೊದಲು ಅವರ ತಾಯಿ ಡೆಲುವಿಗೆ ಮೂರು ಮಕ್ಕಳು ಹುಟ್ಟಿ ಹೋಗಿದ್ದವು. ಇದಾದರೂ ಉಳಿಯಲಿ, ಸಾವಿನ ಕಣ್ಣಿಗೆ ಬೀಳದಿರಲಿ ಎಂದು ಮಗುವನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ಅದೇ ಹೆಸರು ಕೂಗಿದರು. ಅಜೂಜಿ ಎಂದರೆ ತಿಪ್ಪೆ. ಡೆಲು ಮಕಾಮರ ಮನೆಯ ಆಳು. ಕೂಲಿಯಾಳಲ್ಲ, ಕೊಂಡು ತಂದ ಆಳು. ಮಕಾಮ ಎಂದರೆ ದೊರೆಯ ದರ್ಬಾರಿನಲ್ಲಿ ಮೂರನೇ ಆಸನದವರು. ಅವರ ಮನೆಯ ನಲವತ್ತು ಬಾಯಿಗೆ ಸಜ್ಜೆ ಬೀಸುವುದು ಡೆಲುವಿನ ಪಾಲಿನ ಕೆಲಸ.

ಊರಿಗೆ ಬಿಳಿಯರ ಶಾಲೆ ಬಂದಾಗ ಅಜೂಜಿಗೆ ಹತ್ತು ವರ್ಷ. ದರ್ಬಾರಿನಲ್ಲಿ ಪದವಿಯಿರುವ ಪ್ರತಿಯೊಬ್ಬರೂ ಒಬ್ಬೊಬ್ಬ ಮಗನನ್ನು ಕಳಿಸಲೇಬೇಕೆಂದು ಜಿಲ್ಲೆಯ ಸಾಹೇಬರ ಹುಕುಂ. ಆ ಶಾಲೆಗೆ ಹೋದವನ ನಮಾಜು ಕೆಡುತ್ತದೆ, ಆಮೇಲೆ ಅವನನ್ನು ಸಿಪಾಯಿ ಮಾಡಿ ಸಮುದ್ರ ದಾಟಿಸುತ್ತಾರೆ ಎಂದು ಊರಿಗೆ ಊರೇ ಆಡಿಕೊಳ್ಳುತ್ತಿತ್ತು. ಮಕಾಮರಿಗೆ ಹಬೀಬು ಎಂಬ ಮಗನಿದ್ದ, ಅಜೂಜಿಯ ವಾರಿಗೆಯವನು.

"ಹಬೀಬೂನ ರಾತ್ರೋರಾತ್ರಿ ಅಜ್ಜಿ ಊರಿಗೆ ಸಾಗಿಸಿದ್ರು. ಬೆಳಿಗ್ಗೆ ನನಗೆ ಅವನ ಅಂಗಿ ಹಾಕಿದ್ರು, ಟೋಪಿ ಇಟ್ರು. 'ಇವತ್ತಿಂದ ನೀನೇ ಹಬೀಬು. ಅಜೂಜಿ ಅಂತ ಯಾರಾದ್ರೂ ಕೂಗಿದ್ರೆ ತಿರುಗಿ ನೋಡಬೇಡ' ಅಂದ್ರು. ನಮ್ಮಮ್ಮ ಬೀಸುಕಲ್ಲಿನ ಮುಂದೆ ಕೂತು ಅಳ್ತಿದ್ಲು. ನಾನು ಮಾತ್ರ ಕುಣೀತಿದ್ದೆ. ಹೊಸ ಅಂಗಿ ನೋಡಿ."

ಶಾಲೆ ಅವರಿಗೆ ಒಗ್ಗಿತು. ಬೇರೆ ಹುಡುಗರು ಮರಳಲ್ಲಿ ಬೆರಳಾಡಿಸುತ್ತಿರುವಾಗಲೇ ಅವರು ಹಲಗೆಗೆ ಬಂದಿದ್ದರು. ನಾಲ್ಕನೇ ವರ್ಷಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆದರು. ಮಾಸ್ತರರು ಹೊರಗೆ ಹೋದಾಗ ಕಿರಿಯರಿಗೆ ಪಾಠ ಹೇಳುವುದೂ ಅವರೇ. ಏಳನೇ ವರ್ಷ ಮಾಸ್ತರರ ತರಬೇತಿಗೆ ಈ ಶಾಲೆಯಿಂದ ಒಂದೇ ಒಂದು ಹೆಸರು ಹೋಯಿತು. ಹಬೀಬು, ಮಕಾಮರ ಮಗ.

ಅಷ್ಟರಲ್ಲಿ ಊರಿಗೂ ಬುದ್ಧಿ ಬಂದಿತ್ತು. ಶಾಲೆ ಕಲಿತವನ ನಮಾಜು ಕೆಟ್ಟಿರಲಿಲ್ಲ. ಬದಲಿಗೆ ಅವನಿಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತಿತ್ತು. ಪ್ರಮಾಣಪತ್ರ ಕೊಡುವ ಹಿಂದಿನ ದಿನ ಮಧ್ಯಾಹ್ನ ಮಕಾಮರು ಅಜೂಜಿಯನ್ನು ಕರೆಸಿದರು. ಅವರು ರೇಗಲಿಲ್ಲ, ಗದರಲಿಲ್ಲ. ಮನೆಗೆ ಬಂದವರಿಗೆ ಮರ್ಯಾದೆಗೆ ಕೊಡುವ ಕೋಲಾ ಕಾಯಿ ಮುರಿದು ಅರ್ಧ ಕೈಗಿಟ್ಟರಂತೆ.

"ಮಗು, ಎರವಲು ತಂದ ಅಂಗಿ ಎಷ್ಟು ಚೆನ್ನಾಗಿ ಒಪ್ಪಿದ್ರೂ ವಾಪಸ್ ಕೊಡಬೇಕಲ್ವಾ?"

"ಕೊಡಬೇಕು, ಒಡೆಯಾ."

"ನಾಳೆ ಹಬೀಬು ಬರ್ತಾನೆ. ನೀನು ಅವನ ಕುದುರೆ ಹಿಡ್ಕೊಂಡು ನಿಂತಿರು. ಹೊಸ ಸಾಹೇಬ ಬಂದಿದ್ದಾನೆ, ಅವನಿಗೆ ಯಾರ ಮುಖವೂ ಗೊತ್ತಿಲ್ಲ. ಕೇಳಿದ್ರೆ 'ಹೌದು, ಇವರೇ ಹಬೀಬು' ಅನ್ನು. ಕಾಜಿ ಹತ್ರ ನಿನ್ನಮ್ಮನ ಬಿಡುಗಡೆ ಚೀಟಿ ಬರೆಸಿಟ್ಟಿದ್ದೀನಿ. ಸಂಜೆಗೇ ಅವಳು ಸ್ವತಂತ್ರ."

"ಇಲ್ಲ ಅಂದಿದ್ರೆ?" ಎಂದು ನಾನು ಕೇಳಿದೆ.

"ಇಲ್ಲ ಅನ್ನೋದು ನನಗೆ ಹೊಳೀಲೇ ಇಲ್ಲ ಮಗಾ. ಈಗ ಹೊಳೆಯುತ್ತೆ, ದಿನಾ."

ಮರುದಿನ ಶಾಲೆಯ ಅಂಗಳದಲ್ಲಿ ಜನ ನೆರೆದರು. ಹಬೀಬು ಬಿಳಿ ರುಮಾಲು ಸುತ್ತಿ ಕುದುರೆಯಿಂದಿಳಿದ. ಸಾಹೇಬರು ಅವನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವನು ನೆಲ ನೋಡಿದ. "ನಾಚಿಕೆ ಸ್ವಭಾವ" ಎಂದರು ಮಕಾಮರು. ಸಾಹೇಬರಿಗೆ ಅನುಮಾನ ಬಂದಿರಬೇಕು. ಸುತ್ತ ಕಣ್ಣಾಡಿಸಿ, ಕುದುರೆಯ ಲಗಾಮು ಹಿಡಿದು ನಿಂತ ಹುಡುಗನ ಕಡೆ ತಿರುಗಿ ಅದೇ ಭಾಷೆಯಲ್ಲಿ ಕೇಳಿದರು, ಇವನೇನೋ ಹಬೀಬು?

"ನನ್ನ ಬಾಯಿಂದ ಇಂಗ್ಲಿಷಲ್ಲೇ ಉತ್ತರ ಬಂದುಬಿಡ್ತು. 'ಹೌದು ಸ್ವಾಮಿ, ಇವರೇ ಹಬೀಬು, ಮಕಾಮರ ಮಗ' ಅಂತ. ವ್ಯಾಕರಣ ಒಂಚೂರೂ ತಪ್ಪಿರಲಿಲ್ಲ. ಸಾಹೇಬರು ನನ್ನನ್ನೇ ನೋಡಿದ್ರು. ಮಕಾಮರು ನಕ್ಕು, 'ನೋಡಿ ದೊರೆ, ನಿಮ್ಮ ಶಾಲೆ ಎಷ್ಟು ಚೆನ್ನಾಗಿದೆ ಅಂದ್ರೆ ಕುದುರೆ ಕಾಯೋನಿಗೂ ಇಂಗ್ಲಿಷ್ ಬಂದಿದೆ' ಅಂದ್ರು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನಾನೂ ನಕ್ಕೆ."

ಜೊತೆಗೆ ಓದಿದ ಹುಡುಗರಿಗೆಲ್ಲ ನಿಜ ಗೊತ್ತಿತ್ತು, ಮಕಾಮರೆದುರು ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಅಂದು ಆ ಅಂಗಳದಲ್ಲಿ ನಿಜ ಗೊತ್ತಿದ್ದ ಮಾಸ್ತರರೂ ಒಬ್ಬರಿದ್ದರು, ಸಂಬೋ ಮಾಲಮರು. ಅಜೂಜಿಗೆ ಅಕ್ಷರ ತಿದ್ದಿಸಿದವರು. ಅವರಿಗೀಗ ಎಪ್ಪತ್ತು ದಾಟಿದೆ, ಕಣ್ಣು ಕಾಣಿಸುವುದಿಲ್ಲ. ಅವರ ಮನೆಗೆ ಹೋಗಿ ಕೇಳಿದೆ. ಜಪಮಾಲೆ ಎಣಿಸುತ್ತಿದ್ದ ಬೆರಳು ನಿಂತಿತು.

"ನಾನು ಕೆಮ್ಮಿದೆ" ಎಂದರು. "ಅಷ್ಟೇ ಮಾಡಿದ್ದು. ಒಂದು ಸಲ ಜೋರಾಗಿ ಕೆಮ್ಮಿದೆ. ಮಕಾಮರು ನನ್ನ ಕಡೆ ನೋಡಿದ್ರು. ಆಮೇಲೆ ಕೆಮ್ಮೂ ಬರಲಿಲ್ಲ. ನನ್ನ ಕೈಯಲ್ಲಿ ನೂರಾರು ಹುಡುಗರು ಕಲಿತ್ರು ತಮ್ಮಾ, ಅವನಂಥ ಮಾಸ್ತರ ಆಗೋನು ಇನ್ನೊಬ್ಬ ಬರಲಿಲ್ಲ."

ಹಬೀಬುವನ್ನು ತರಬೇತಿಗೆ ಕಳಿಸಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಹಾಗಾಗಿ ಮಕಾಮರು ಅವನನ್ನು ಕಾಜಿಯ ನ್ಯಾಯಾಲಯದ ಬರಹಗಾರನನ್ನಾಗಿ ಮಾಡಿಸಿದರು. ಬರೆಯುವವರು ಅಜೂಜಿಯೇ. ಹಬೀಬು ಮುಂದಿನ ಕೋಣೆಯಲ್ಲಿ ರುಮಾಲು ಸುತ್ತಿ ಕೂರುತ್ತಿದ್ದ. ಅಜೂಜಿ ತಟ್ಟಿಯ ಹಿಂದೆ ಕೂತು ತೀರ್ಪು, ಪತ್ರ, ವರದಿ ಎಲ್ಲ ಬರೆದು, ಕೆಳಗೆ ಹಬೀಬು ಎಂದು ರುಜು ಹಾಕುತ್ತಿದ್ದರು. ಒಮ್ಮೆ ಸಾಹೇಬರು ತಮ್ಮೆದುರಿಗೇ ಒಂದು ಸಾಲು ಬರೆಯಲು ಹೇಳಿದಾಗ ಹಬೀಬುವಿನ ಕೈಗೆ ಮುಳ್ಳು ಚುಚ್ಚಿ ಬಟ್ಟೆ ಕಟ್ಟಿತ್ತು. "ಆ ಬಟ್ಟೆ ಕಟ್ಟಿದ್ದೂ ನಾನೇ" ಎಂದು ಅಜೂಜಿ ನಗುತ್ತಾರೆ. ಕೊನೆಗೆ ಹಬೀಬುವೇ ಕಲಿಸಿಕೊಡೆಂದು ಕೇಳಿದ. ಕಲಿಸಲು ಮೂರು ವರ್ಷ ಹಿಡಿಯಿತು. ಒಂದು ದಿನ ಹಬೀಬು ಒಂದು ಪತ್ರವನ್ನು ಮೊದಲಿಂದ ಕೊನೆಯವರೆಗೆ ತಾನೇ ಬರೆದು ತಂದು ತೋರಿಸಿದ. ಎರಡೇ ತಪ್ಪಿದ್ದವು. ಅಜೂಜಿ ತಿದ್ದಿದರು. ಮುಂದಿನ ವಾರ, ಇನ್ನು ತಟ್ಟಿಯ ಹಿಂದೆ ಕೂರುವುದು ಬೇಡ ಎಂದು ಹೇಳಿಕಳಿಸಲಾಯಿತು. ಹನ್ನೊಂದು ವರ್ಷ ಬರೆದ ಕೈ ಆಮೇಲೆ ಶಾಲೆಯ ಬಾವಿಯ ಹಗ್ಗ ಹಿಡಿಯಿತು.

"ಬೇರೆ ಕಡೆ ಹೋಗಬಹುದಿತ್ತಲ್ಲ ಬಾಬಾ, ಎಷ್ಟೋ ಊರಿಗೆ ಬರೆಯೋರು ಬೇಕಾಗಿದ್ರು."

"ಓದಿದ್ದಕ್ಕೆ ಕಾಗದ ಎಲ್ಲಿ ಅಂತ ಕೇಳ್ತಾರೆ. ಇಲ್ಲಾದ್ರೆ ಪಾಠ ಕಿವಿಗೆ ಬೀಳುತ್ತೆ, ಅಂದ್ಕೊಂಡೆ. ಬೀಳುತ್ತೆ. ಹಾಜರಿ ಕೂಗೋದೂ ಬೀಳುತ್ತೆ. ಹಬೀಬು ಅಂತ ಹುಡುಗರು ಮೂವರಿದ್ದಾರೆ ಈಗ. ಕೂಗಿದ್ರೆ ಈಗಲೂ ನನ್ನ ತಲೆ ಎದ್ದುಬಿಡುತ್ತೆ."

ತಾಯಿಯ ವಿಷಯ ಬಂದಾಗ ಮಾತು ನಿಧಾನವಾಗುತ್ತದೆ. ಮಕಾಮರು ಪುಣ್ಯಕ್ಕೆಂದು ತನ್ನನ್ನು ಬಿಟ್ಟರು ಎಂದೇ ಡೆಲು ತಿಳಿದಿದ್ದರು. ಚೀಟಿಯನ್ನು ಚರ್ಮದ ತಾಯಿತದಲ್ಲಿ ಹೊಲಿಸಿ ಕೊರಳಿಗೆ ಕಟ್ಟಿಕೊಂಡು, ಸಂತೆಯ ಬಾಗಿಲಲ್ಲಿ ಅಲಸಂದೆ ವಡೆ ಕರಿದು ಮಾರಿ ಬದುಕಿದರು. ನಾಲ್ಕು ವರ್ಷದ ಮೇಲೆ ಯಾರದೋ ಮಗುವಿಗೆ ಹೆಸರಿಡುವ ಮನೆಯಲ್ಲಿ, ಮಕಾಮರ ಮನೆಯ ಹೆಂಗಸೊಬ್ಬಳು ಬಾಯಿ ತಪ್ಪಿ ಆ ಮಾತುಕತೆಯನ್ನು ಹೇಳಿಬಿಟ್ಟಳು. ಡೆಲು ಊಟ ಬಿಟ್ಟು ನೇರ ಮಗನ ಬಳಿ ಬಂದರು.

"'ಬೀಸುಕಲ್ಲು ನನ್ನ ಕೈಗೆ ಹೊಸದಾಗಿತ್ತೇನೋ? ಇನ್ನೂ ಹತ್ತು ವರ್ಷ ಬೀಸ್ತಿದ್ದೆ. ನಿನ್ನ ಬಾಯಿ ಮಾರಿ ನನ್ನನ್ನ ಕೊಂಡ್ಕೊ ಅಂತ ಯಾರು ಹೇಳಿದ್ರು?' ಅಂದ್ಲು. ಆ ರಂಜಾನ್ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ಹಬ್ಬದ ದಿನ ಬಂದು ತಲೆ ಮುಟ್ಟಿದ್ಲು. ಆ ಮಾತು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಿತ್ತು. 'ನಿನಗೋಸ್ಕರ ಮಾಡಿದ್ದು' ಅಂತ ಒಂದು ಸಲ ಹೇಳಬೇಕಿತ್ತು. ಅಥವಾ 'ಹೆದರಿ ಮಾಡಿದೆ' ಅಂತಾದ್ರೂ. ಯಾವುದು ನಿಜ ಅಂತ ನನಗೇ ಗೊತ್ತಾಗ್ತಿರಲಿಲ್ಲ." ಡೆಲು ತೀರಿಕೊಂಡು ಐದು ವರ್ಷವಾಯಿತು.

ಹಬೀಬು ತಂದೆಯ ನಂತರ ತಾನೇ ಮಕಾಮನಾಗಿ, ಎರಡು ಮಳೆಗಾಲದ ಹಿಂದೆ ತೀರಿಹೋದ. ಸಾಯುವ ಮುಂಚೆ ಅಜೂಜಿಯನ್ನು ಹಾಸಿಗೆಯ ಬಳಿ ಕೂರಿಸಿಕೊಂಡನಂತೆ.

"ಮಾಫಿ ಕೇಳಿದ. 'ನಾನು ಹೋದ ಮೇಲೆ ನೀನು ಹೇಳಬಹುದು, ನನ್ನ ಮಕ್ಕಳಿಗೆ ನಾನೇ ಹೇಳಿದ್ದೀನಿ' ಅಂದ. ಅವನು ಕೆಟ್ಟವನಲ್ಲ. ನನಗಿಂತ ಹೆಚ್ಚು ಹೆದರ್ಕೊಂಡು ಬದುಕಿದೋನು. ಮಾಫಿ ಮಾಡಿದೆ ಅಂದೆ, ಮನಸಾರೆ. ನನಗೆ ನಾನು ಮಾಡ್ಕೊಳ್ಳೋದು ಮಾತ್ರ ಇನ್ನೂ ಆಗಿಲ್ಲ."

ಹಬೀಬುವಿನ ಹಿರಿಯ ಮಗನನ್ನೂ ಕಂಡೆ. "ಅಪ್ಪ ಹೇಳಿದ್ದು ಹೌದು. ಬರೀರಿ" ಎಂದ. ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಹೆಡ್‌ಮಾಸ್ತರರು ವಿದ್ಯಾ ಇಲಾಖೆಗೆ ಪತ್ರ ಬರೆಯುವುದಾಗಿ ಹೇಳಿದ್ದಾರೆ. ಅಜೂಜಿ ಬೇಡವೆಂದಿಲ್ಲ, ಆಸೆಯನ್ನೂ ಇಟ್ಟುಕೊಂಡಿಲ್ಲ. ನಲವತ್ತರ ಹತ್ತಿರ ಬಂದವನಿಗೆ ಇನ್ನು ಯಾವ ತರಬೇತಿ ಎನ್ನುತ್ತಾರೆ. ಒಣಗಿದ ಸುಣ್ಣದ ಕಡ್ಡಿಗಳನ್ನು ಒಂಬತ್ತು ಬುಟ್ಟಿಗಳಿಗೆ ಹಂಚುವುದರಲ್ಲೇ ಅವರ ಗಮನ. ಗಂಟೆ ಬಾರಿಸುವ ಹೊತ್ತಾಗಿದೆ. ಹೊರಡುವ ಮುನ್ನ ಕೇಳಿದೆ, ನಮ್ಮ ಪತ್ರಿಕೆಯಿಂದ ಏನಾದರೂ ಆಗಬೇಕೇ ಎಂದು.

"ಅಮ್ಮನ ಹೆಸರು ಸರಿಯಾಗಿ ಹಾಕಿ. ಡೆಲು. ಅದರ ಪಕ್ಕ ನನ್ನ ಹೆಸರು" ಎಂದರು. ಬುಟ್ಟಿಯೊಂದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಎರಡು ಹೆಜ್ಜೆ ನಡೆದು ನಿಂತರು. "ಒಂದು ಪ್ರತಿ ನನಗೂ ಕಳಿಸಿ. ಯಾರ ಹತ್ರಾನೂ ಓದಿಸ್ಕೊಳ್ಳೋದು ಬೇಕಾಗಿಲ್ಲ. ನಾನೇ ಓದ್ಕೋತೀನಿ."