ಹಪ್ಪಳದ ಚೀಲದಲ್ಲಿ ಬಂದ ನೋಟಿಸು

ಹೊಸನಗರದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಕೋಣಂದೂರಿನ ಅಂಗಡಿಯೊಂದರಲ್ಲಿ ಚೀಲ ಇಳಿಸಿ ಹೋದ. ಅದರಲ್ಲಿ ಹಲಸಿನ ಹಪ್ಪಳದ ಕಟ್ಟುಗಳಿದ್ದವು. ಕಟ್ಟುಗಳ ನಡುವೆ, ಮಡಿಕೆ ಬೀಳದಂತೆ ಜೋಪಾನವಾಗಿ, ಒಂದು ಸರ್ಕಾರಿ ಲಕೋಟೆ. ಪ್ರಾಥಮಿಕ ಶಾಲೆಯ ಶಿಕ್ಷಕಿ ವಿನಯಾ ಅದನ್ನು ಅಲ್ಲೇ ನಿಂತು ಒಡೆದಳು.

ಸಾಗರ ತಾಲ್ಲೂಕಿನ ಶಿಕ್ಷಕಿ ಭವ್ಯಶ್ರೀ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಳು. ವಿನಯಾಳನ್ನು ಕೋಣಂದೂರಿಗೆ ವರ್ಗ ಮಾಡಿದ್ದು ಯಾವ ಕಾಯಿಲೆಯ ಆಧಾರದ ಮೇಲೆ? ಅವಳು ಕೊಟ್ಟ ವೈದ್ಯಕೀಯ ಪತ್ರಗಳ ಪ್ರತಿ ಬೇಕು. ಮಾಹಿತಿ ‘ಮೂರನೇ ವ್ಯಕ್ತಿ’ಗೆ ಸೇರಿದ್ದಾದ್ದರಿಂದ, ಆಕ್ಷೇಪವಿದ್ದರೆ ನೋಟಿಸು ತಲುಪಿದ ಹತ್ತು ದಿನದೊಳಗೆ ತಿಳಿಸಬೇಕೆಂದು ತೀರ್ಥಹಳ್ಳಿಯ ಶಿಕ್ಷಣ ಇಲಾಖೆಯ ಕಚೇರಿ ಬರೆದಿತ್ತು. ತನ್ನ ಮೈಯ ಮಾತಿನಲ್ಲಿ ತಾನೇ ಮೂರನೆಯವಳು.

ವಿನಯಾಳಿಗೆ ಮೂರ್ಛೆರೋಗ. ಹೊಸನಗರದ ಕಾಡಂಚಿನ ಶಾಲೆಯಲ್ಲಿ ಅವಳೊಬ್ಬಳೇ ಶಿಕ್ಷಕಿಯಾಗಿದ್ದಾಗ, ಪಾಠದ ನಡುವೆ ಒಮ್ಮೆ ಬಿದ್ದಿದ್ದಳು. ಜೊತೆಗೆ ಶಿಕ್ಷಕರಿರುವ, ಆಸ್ಪತ್ರೆ ಹತ್ತಿರವಿರುವ ಊರು ಕೇಳಿದ್ದು ಆಮೇಲೆ. ಮಾತ್ರೆ ತಪ್ಪಿಸದೆ ನುಂಗತೊಡಗಿದ ಮೇಲೆ ಮತ್ತೆ ಬಿದ್ದಿಲ್ಲ. ಆದರೆ ಮೂರ್ಛೆ ಬರುವ ಟೀಚರ ಕೈಗೆ ಯಾವ ತಾಯಿ ಒಂದನೇ ಕ್ಲಾಸಿನ ಮಗುವನ್ನು ಒಪ್ಪಿಸಿಯಾಳು? ಕೋಣಂದೂರಿನಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ.

ಚೀಲ ಕಳಿಸಿದ್ದ, ಹಳೆಯ ಊರಿನ ಮನೆಯೊಡತಿ ಶಾಂತಮ್ಮನಿಗೆ ಫೋನು ಮಾಡಿದಳು.

“ಶಾಂತಮ್ಮ, ಈ ಕಾಗದ ಯಾವಾಗ ಬಂತು?”

“ಅದಾ? ಎರಡು ವಾರದ ಮೇಲಾಯ್ತು ಮಾರಾಯ್ತಿ. ಪೋಸ್ಟಿನ ಹೂವಪ್ಪ ರಿಜಿಸ್ಟರ್ ಅಂತ ತಂದ. ನಿಂದು ಅಂದ್ಕೂಡ್ಲೇ ನಾನೇ ಸೈನ್ ಹಾಕಿ ತಗಂಡೆ. ಹಪ್ಪಳ ಒಣಗ್ಲಿ, ಎರಡೂ ಒಟ್ಟಿಗೇ ಕಳ್ಸಣ ಅಂತ ಇಟ್ಟಿದ್ದೆ. ಹಾಳು ಮೋಡ, ಒಣಗ್ಲೇ ಇಲ್ಲ. ಎಂತ, ಸಂಬಳ ಜಾಸ್ತಿ ಆಯ್ತಾ?”

“ಎಂತದೂ ಇಲ್ಲ.”

“ಹಂಗಾರೆ ಹಪ್ಪಳ ಕರ್ಕಂಡು ತಿನ್ನು. ಖಾರ ಸ್ವಲ್ಪ ಮುಂದಾಗಿದೆ.”

ಬೈಯಲು ಬಾಯಿ ಬರಲಿಲ್ಲ. ಗುಡ್ಡಕ್ಕೊಂದು ಮನೆ ಇರುವ ಆ ಊರಿನಲ್ಲಿ ಯಾರ ಟಪಾಲನ್ನಾದರೂ ಯಾರಾದರೂ ಇಸಿದುಕೊಳ್ಳುವುದು ವಾಡಿಕೆ. ವಿನಯಾಳ ಬ್ಯಾಂಕಿನ ಕಾರ್ಡಿಗೂ ತಂಗಿಯ ಮದುವೆಯ ಕಾಗದಕ್ಕೂ ಶಾಂತಮ್ಮನದೇ ಸಹಿ ಬಿದ್ದಿತ್ತು. ಕಚೇರಿಗೆ ಹೊಸ ವಿಳಾಸ ಕೊಡದೆ ಮರೆತವಳು ತಾನೇ. ಶಾಲೆಯೂ ಬೇಸಿಗೆ ರಜೆಗೆ ಮುಚ್ಚಿತ್ತು. ನೋಟಿಸು ಹಳೆಯ ಮನೆ ಹುಡುಕಿಕೊಂಡು ಹೋಗಿತ್ತು.

ಮರುದಿನ ತೀರ್ಥಹಳ್ಳಿಯಲ್ಲಿ ಮಾಹಿತಿ ಅಧಿಕಾರಿ ಹೇರಂಬ ಅವರು ಸ್ವೀಕೃತಿ ಕಾರ್ಡನ್ನು ಅವಳ ಮುಂದಿಟ್ಟರು. ಮೇಲೆ ‘ಶಾಂತಮ್ಮ’ ಎಂಬ ದುಂಡನೆಯ ಅಕ್ಷರ.

“ಗಡುವು ಮುಗಿದುಹೋಯ್ತಲ್ಲ ಮೇಡಂ. ಇವರು ಯಾರು? ನಿಮ್ಮನೆಯವರಾ?”

“ಯಾಕೆ ಸಾರ್?”

“ಅಲ್ಲ ಅಂದ್ರೆ ನಿಮಗೇ ಒಳ್ಳೇದು. ಪೋಸ್ಟ್‌ಮ್ಯಾನ್ ಸಂಬಂಧ ಇಲ್ದಿರೋರಿಗೆ ಕೊಟ್ಟಿದಾನೆ, ನನಗೆ ನಿನ್ನೆಯಷ್ಟೇ ತಲುಪಿದ್ದು ಅಂತ ಬರ್ದುಕೊಡಿ. ಹತ್ತು ದಿನ ನಿನ್ನೆಯಿಂದ ಎಣಿಸ್ಬಹುದು.”

“ಪೋಸ್ಟ್‌ಮ್ಯಾನಿಗೆ ಏನಾಗತ್ತೆ?”

“ಅವರ ಇಲಾಖೆಗೆ ಬರೀಬೇಕಾಗತ್ತೆ. ವಿಚಾರಣೆ ಮಾಡ್ತಾರೆ.”

ಅವಳು ತರಗತಿಯಲ್ಲಿ ಬಿದ್ದ ದಿನ ಟಪಾಲು ಹಿಡಿದು ಬಾಗಿಲಿಗೆ ಬಂದವನು ಹೂವಪ್ಪ. ಮಕ್ಕಳನ್ನು ಹೊರಗೆ ಕಳಿಸಿ, ರಸ್ತೆಗೆ ಓಡಿ ಜೀಪು ನಿಲ್ಲಿಸಿದವನೂ ಅವನೇ. ಆಸ್ಪತ್ರೆಯವರೆಗೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಶಾಂತಮ್ಮ. ಟೀಚರಿಗೆ ಪಿತ್ತ ಏರಿತ್ತು ಎಂದು ಊರಿಗೆಲ್ಲ ಹೇಳಿ, ಆ ಮಾತನ್ನು ಇಬ್ಬರೂ ಇವತ್ತಿನವರೆಗೆ ಕಾಯ್ದುಕೊಂಡು ಬಂದಿದ್ದರು. ಈಗ ತನ್ನ ಗುಟ್ಟು ಉಳಿಯಬೇಕಾದರೆ ಆ ಇಬ್ಬರ ಹೆಸರನ್ನೇ ಕಾಗದಕ್ಕೆ ಹಾಕಬೇಕು.

ಅವಳು ಸ್ವೀಕೃತಿ ಕಾರ್ಡನ್ನು ಅವರ ಕಡೆಗೇ ಸರಿಸಿದಳು.

“ನಮ್ಮನೆಯವರೇ ಸಾರ್,” ಎಂದಳು.

ತಡವಾದದ್ದು ತನ್ನಿಂದಲೇ, ಆ ಪತ್ರಗಳು ತನ್ನ ಚಿಕಿತ್ಸೆಗೆ ಸೇರಿದವು, ದಯವಿಟ್ಟು ಕೊಡಬಾರದು. ಬರೆದದ್ದು ಅಷ್ಟೇ. ಹೇರಂಬ ಓದಿ, ಕನ್ನಡಕ ತೆಗೆದರು.

“ತಡವಾಗಿ ಬಂದಿದೆ ಅಂತ ಷರಾ ಹಾಕ್ಲೇಬೇಕು. ಹಂಗಂತ ಕೊಟ್ಟೇಬಿಡ್ತೀನಿ ಅಂತಲ್ಲ. ನೋಡಣ. ಅರ್ಜಿ ಹಾಕಿದ ಆಯಮ್ಮನೂ ಸುಮ್ನೆ ಕೇಳಿಲ್ಲ. ನಿಮ್ಮ ಜಾಗಕ್ಕೆ ಅವರೂ ಕಾದಿದ್ರಂತೆ. ಗಂಡನ ಮನೆ ಕೋಣಂದೂರಂತೆ, ಮಗು ಅಲ್ಲಿ, ಇವರು ಸಾಗರದಲ್ಲಿ.”

ಈ ಮಾತು ವಿನಯಾಳ ಜೊತೆ ಬಸ್ಸು ಹತ್ತಿತು. ಭವ್ಯಶ್ರೀಯನ್ನು ಕೆಟ್ಟವಳೆಂದು ತಿಳಿದುಕೊಂಡಿದ್ದರೆ ಎಷ್ಟು ಹಗುರವಾಗಿರುತ್ತಿತ್ತು.

ಶಾಲೆ ತೆರೆದ ಮೇಲೆ ತೀರ್ಮಾನದ ಪ್ರತಿ ಬಂತು. ವೈದ್ಯಕೀಯ ಪತ್ರಗಳನ್ನು ಕೊಟ್ಟಿರಲಿಲ್ಲ. ವರ್ಗಾವಣೆ ‘ಅನಾರೋಗ್ಯದ ಕಾರಣ’ ಎಂಬುದನ್ನಷ್ಟೇ ಕಚೇರಿ ಅರ್ಜಿದಾರರಿಗೆ ತಿಳಿಸಿತ್ತು. ಅರ್ಜಿದಾರರು ಮೇಲ್ಮನವಿ ಸಲ್ಲಿಸಬಹುದು ಎಂಬ ಸಾಲು ಕೊನೆಯಲ್ಲಿತ್ತು. ಓದಿ ಮುಗಿಸಿದಾಗ ಅವಳಿಗೆ ಉಸಿರು ಬಂತು, ಪೂರ್ತಿ ಬರಲಿಲ್ಲ.

‘ಅನಾರೋಗ್ಯ’ ಎಂಬ ಆ ಒಂದು ಮಾತು ಭವ್ಯಶ್ರೀಯ ಗಂಡನ ಮನೆಯಿಂದ ಊರಿಗೆಲ್ಲ ಹರಡಿತ್ತು. ಒಂದು ಬೆಳಿಗ್ಗೆ ಶಾಲೆಯ ಗೇಟಿನಲ್ಲಿ, ಒಂದನೇ ಕ್ಲಾಸಿನ ಯಶಸ್ವಿನಿಯ ತಾಯಿ ನಕ್ಕು ಕೇಳಿದಳು.

“ಹುಷಾರಿದೀರಲ್ಲ ಟೀಚರ್? ಎಂತದೋ ಕಾಯಿಲೆಯಂತೆ?”

“ಸ್ವಲ್ಪ ಬಿಪಿ,” ಎಂದಳು ವಿನಯಾ.

“ಅಷ್ಟೇನಾ? ಈಗ ಯಾರಿಗಿಲ್ಲ ಹೇಳಿ ಬಿಪಿ!”

ಗಂಟೆ ಹೊಡೆಯಿತು. ವಿನಯಾ ಯಶಸ್ವಿನಿಯತ್ತ ಕೈ ಚಾಚಿದಳು. ಆ ತಾಯಿ ನಗುತ್ತಲೇ ಇದ್ದಳು. ಮಗಳ ಕೈಯನ್ನು ಮಾತ್ರ ತಕ್ಷಣ ಬಿಡಲಿಲ್ಲ.