ಅಲುಗಾಡಿದರೆ ರದ್ದು

“ಬಿಪಿ ಗುಳಿಗಿ ನುಂಗೀನಿ ಅಂತ ಒತ್ತಿದ್ದೆ. ಈಗ ನೋಡಿದ್ರ ನುಂಗಿಲ್ಲ ಅಂತ ತೋರಸಾಕತ್ತೈತಿ. ಅದಕ್ಕ ಇನ್ನೊಂದು ನುಂಗಿದೆ. ನನಗ ಅರಳುಮರಳು ಆಗೈತೇನವ್ವಾ?”

ತಾರ್ನಾಕದ ಮನೆಯಲ್ಲಿ ಅತ್ತೆ ಮೊಬೈಲ್ ಹಿಡಿದು ಕೇಳಿದರು. ದಿನದ ಕೆಲಸ ನೆನಪಿಸುವ ಆ ಆ್ಯಪ್ ನಮ್ಮ ಕಂಪನಿಯದೇ. ಇನ್ನೊಮ್ಮೆ ಒತ್ತಿ ಎಂದೆ. ‘ಆಯಿತು’ ಎಂಬ ಗುರುತು ಮೂಡಿತು. ಮೊದಲಿನಿಂದಲೂ ನಡುಗುವ ಅವರ ಕೈಯಲ್ಲಿ ಕ್ಷಣದಲ್ಲೇ ಅಳಿಸಿಹೋಯಿತು. ಫೋನ್ ಅಲುಗಾಡಿಸಿದರೆ ಒತ್ತಿದ್ದು ರದ್ದಾಗಲಿ ಎಂದು ಗಚ್ಚಿಬೌಲಿಯ ಆಫೀಸಿನಲ್ಲಿ ಕೂತು ವಿನ್ಯಾಸ ಮಾಡಿದವಳು ನಾನೇ. ಆಟೊದಲ್ಲಿ ದವಾಖಾನೆ ಮುಟ್ಟುವವರೆಗೂ ಅವರ ನಾಡಿ ಹಿಡಿದೇ ಕೂತಿದ್ದೆ.

ಡಾಕ್ಟರು ಭಯವಿಲ್ಲ ಎಂದರು. ಆ ಸೌಲಭ್ಯ ತೆಗೆಸಿದೆ. ತಪ್ಪು ನನ್ನದೆಂದು ಅತ್ತೆಗೂ ಹೇಳಿದೆ. ಆದರೂ ಅವರು ಈಗಲೂ ಗುಳಿಗೆ ನುಂಗಿ, ನನ್ನೆದುರು ಬಾಯಿ ತೆರೆದು ತೋರಿಸಿ ಕೇಳುತ್ತಾರೆ: “ನುಂಗಿದ್ದು ನೋಡಿದಿ, ಹೌದಿಲ್ಲ?”