ಹೇಳೋನು ಸೆಡ್ರಿಕ್, ಬರೆಯೋಳು ಈನಿಡ್
ಯಾರ್ಕ್‌ಶೈರಿನ ಆ ಪುಟ್ಟ ಪಬ್ಬಿನ ಗುರುವಾರಗಳು ಈನಿಡ್‌ಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಸಂಜೆ ಕ್ವಿಜ್ ಶುರುವಾಯಿತೆಂದರೆ ಅವಳ ತಂಡದ ಸೆಡ್ರಿಕ್‌ನ ಗತ್ತು ನೋಡಬೇಕಿತ್ತು! ಪ್ರಶ್ನೆ ಮುಗಿಯುವುದಕ್ಕೂ ಬಿಡದೆ ಬಿಯರ್ ಲೋಟ ಕುಟ್ಟಿ, "ಜೇಡಕ್ಕೆ ಆರು ಕಾಲು! ಕಣ್ಮುಚ್ಕೊಂಡು ಬರಿ, ಈನಿಡ್" ಅನ್ನುತ್ತಿದ್ದ ಪುಣ್ಯಾತ್ಮ. ಪೆನ್ನು ಹಿಡಿದ ಈನಿಡ್ "ಆಯ್ತಪ್ಪ ಮೇಧಾವಿ" ಅಂತ ತಲೆ ಬಗ್ಗಿಸಿ ಎಂಟು ಎಂದು ಬರೆಯುತ್ತಿದ್ದಳು. ಆಸ್ಟ್ರೇಲಿಯಾದ ರಾಜಧಾನಿ ಅವನ ಬಾಯಲ್ಲಿ ಸಿಡ್ನಿ, ಅವಳ ಹಾಳೆಯಲ್ಲಿ ಕ್ಯಾನ್‌ಬೆರಾ. ಗೆದ್ದಾಗಲೆಲ್ಲ ಅವನು ಎದೆಯುಬ್ಬಿಸಿ, "ಈ ಊರಲ್ಲಿ ತಲೆ ಇರೋನು ನಾನೊಬ್ನೇ ಕಣ್ರೋ!" ಅಂತ ಬಹುಮಾನವಾಗಿ ಸಿಕ್ಕ ಪೈ ತಿನಿಸನ್ನು ಎಲ್ಲರಿಗೂ ಹಂಚುತ್ತಿದ್ದ. ಗೊತ್ತಾದರೆ ಪಾಪ ಮುದುಕ ನೊಂದುಕೊಂಡಾನು ಅಂತ ಹನ್ನೊಂದು ವರ್ಷ ಈನಿಡ್ ಗುಟ್ಟು ಕಾಪಾಡಿದಳು. ಅವನಿಗಿಂತ ತಾನೇ ಜಾಣೆ ಅಂತ ಒಳಗೊಳಗೇ ಬೀಗಿದಳು ಕೂಡ. ಕೊನೆಗೊಮ್ಮೆ ಅವಳು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ಕ್ವಿಜ್ ಹೊತ್ತಿಗೆ ಸರಿಯಾಗಿ ಸೆಡ್ರಿಕ್ ದ್ರಾಕ್ಷಿ ಹಿಡಿದು ಅವಳ ಮಂಚದ ಪಕ್ಕ ಬಂದು ಕೂತ. "ಇವತ್ತು ಹೋಗ್ಲಿಲ್ವೇನೋ?" ಎಂದು ಅವಳು ಕೇಳಿದಳು. ಅವನು ನೆಲ ನೋಡುತ್ತಾ ಮೆಲ್ಲಗೆ ಹೇಳಿದ: "ನೀನಿಲ್ದೆ ಹೆಂಗೆ ಹೋಗ್ಲಿ ಮಾರಾಯ್ತಿ? ನಾನ್ ಹೇಳಿದ್ದನ್ನ ತಂಡದ ಉಳಿದೋರು ಹಾಗೇ ಬರ್ದುಬಿಡ್ತಾರೆ."